ಅಣ್ಣನ ಕಾರಿನ ಗುಂಯ್ ಸದ್ದು

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಮುದಿ ಮೆಕ್ಯಾನಿಕ್ ಅದರ ಕಾಯಿಲೆ ಹೇಳಿಬಿಡುತ್ತಿದ್ದ. ತೀರಿಹೋದ ಅಣ್ಣನ ಎಂಟು ಸಿಲಿಂಡರಿನ ಹಳೇ ಕಾರಿಗೆ ವರ್ಷವಿಡೀ ಜೀವ ತೇಯ್ದು ಹೊಸ ಕಳೆ ತಂದಿದ್ದ. ಆದರೆ ಎಂಜಿನ್ನಿನೊಳಗೆ ಎಂಥದೋ ಸದ್ದು. ಎರಡು ಸಲ ಬೇರಿಂಗ್ ಬದಲಿಸಿದರೂ ಹೋಗಲಿಲ್ಲ.

“ಅತ್ತಿಗೆ, ಆ ಗುಂಯ್ ಅನ್ನೋದು ನಿಲ್ತಾನೇ ಇಲ್ಲ. ಬೇರೆ ಎಂಜಿನ್ ಕೂರಿಸ್ಲೇಬೇಕು,” ಎಂದ.

ಅತ್ತಿಗೆಯ ಮುಖ ಸಪ್ಪಗಾಯಿತು. “ಅವರದ್ದು ಅಂತ ಉಳಿದಿರೋದು ಇದರ ಸದ್ದೊಂದೇ ಕಣಪ್ಪ. ಕೊಡು ಇಲ್ಲಿ, ಕೊನೇ ಸಲ ಕೇಳ್ತೀನಿ.”

ಓಡುತ್ತಿದ್ದ ಎಂಜಿನ್ನಿಗೆ ಸ್ಕ್ರೂಡ್ರೈವರ್ ಊರಿ ಕಿವಿಗೊಟ್ಟಳು. “ಯಾವ ಗುಂಯ್ಯೋ? ನಿಮ್ಮಣ್ಣನ ಗೊರಕೆ ಥರ ಗುಡುಗುಡು ಅಂತಿದೆ, ಅಷ್ಟೇ!”

ಅವನು ಎಂಜಿನ್ ನಿಲ್ಲಿಸಿದ. ಸ್ಕ್ರೂಡ್ರೈವರನ್ನು ಶೆಡ್ಡಿನ ಗೋಡೆಗೆ ಊರಿ ಕೇಳಿದ. ಗೋಡೆಯೂ ಗುಂಯ್ ಎಂದಿತು. ಸದ್ದು ಇದ್ದದ್ದು ಅವನ ಕಿವಿಯಲ್ಲೇ.

“ಎಂಜಿನ್ ಇದೇ ಇರ್ಲಿ ಅತ್ತಿಗೆ.”

“ಮತ್ತೆ ಮುಖ ಯಾಕೋ ಹುಳ್ಳಗೆ ಮಾಡ್ಕೊಂಡೆ?”

ಅವನು ಶೆಡ್ಡಿನ ಮೂಲೆಯತ್ತ ನೋಡಿದ. ಇದೇ ಸದ್ದಿದೆಯೆಂದು ಈ ವರ್ಷ ಬೇರೆಯವರ ಕಾರುಗಳಿಂದ ಕಿತ್ತುಹಾಕಿದ್ದ ಮೂರು ಎಂಜಿನ್ನುಗಳು ಅಲ್ಲಿ ಧೂಳು ಹಿಡಿದು ಕೂತಿದ್ದವು.