ಸರ್ವರ್ ಮೇಲಿನ ಹಾಲಿನ ಕ್ಯಾನು

ಬೆಳಗಿನ ಐದೂ ಮುಕ್ಕಾಲು. ಬೈಲಹೊಂಗಲದ ಪೇಟೆಯಲ್ಲಿ ಒಂದು ದೀಪವೂ ಇಲ್ಲ. ದೊಡ್ಡ ಲೈನಿನ ರಿಪೇರಿ ಇದೆ, ನಾಲ್ಕರಿಂದ ಆರರವರೆಗೆ ಕರೆಂಟು ಇರುವುದಿಲ್ಲ ಎಂದು ಎರಡು ದಿನ ಮೊದಲೇ ತಿಳಿಸಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆ ಒಟ್ಟಿಗೆ ಕತ್ತಲೆ. ಹೊದ್ದು ಮಲಗಿದವರಿಗೆ ಇದರ ಪರಿವೆಯೂ ಇಲ್ಲ. ಫಜರ್ ನಮಾಜು ಮುಗಿಸಿ, ಸ್ಕೂಟಿ ಹತ್ತಿ, ಮೊಬೈಲಿನ ಬೆಳಕಿನಲ್ಲಿ ಮೆಟ್ಟಿಲೇರಿ ಬಂದು ಕುಳಿತ ಫರೀನ್ ಮಾತ್ರ ಕರೆಂಟು ಬರುವ ಈ ಆರು ಗಂಟೆಯ ಹೊತ್ತಿಗಾಗಿ ಏಳು ತಿಂಗಳಿಂದ ಕಾದಿದ್ದಾರೆ.

ಬಟ್ಟೆ ಅಂಗಡಿಯೊಂದರ ಮೇಲಿನ ಸಣ್ಣ ಕೋಣೆ ಇದು. ಬ್ಯಾಟರಿಯ ಮೇಲೆ ನಡೆಯುತ್ತಿರುವ ಯಂತ್ರಗಳ ಫ್ಯಾನುಗಳು ಗುಂಯ್‌ಗುಟ್ಟುತ್ತಿವೆ. ಗೋಡೆಗೆ ಒತ್ತಿ ನಿಂತ ಕಪ್ಪು ಪೆಟ್ಟಿಗೆಯೇ ಸರ್ವರ್. ಅದರ ನೆತ್ತಿಯ ಮೇಲೆ, ಇಂಥ ಜಾಗದಲ್ಲಿ ಯಾರೂ ನಿರೀಕ್ಷಿಸದ ವಸ್ತುವೊಂದಿದೆ: ಎಂಟು ಲೀಟರಿನ ಸ್ಟೀಲಿನ ಹಾಲಿನ ಕ್ಯಾನು. ಖಾಲಿ. ಕೇಳಿದರೆ ಫರೀನ್ ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾರೆ, "ಅದು ನಂದಲ್ರಿ. ಸಂಗೊಳ್ಳಿ ಸೋಮವ್ವಾಯಿದು. ವಾಪಸ್ ಕೊಡೂದೈತಿ."

ಮೂವತ್ನಾಲ್ಕು ವರ್ಷದ ಫರೀನ್ ಕೆಲಸ ಮಾಡುವುದು ನಿಜಗುಣಪ್ಪ ಎಂಬವರ ಇಂಟರ್ನೆಟ್ ಕಂಪನಿಯಲ್ಲಿ. ಒಂದು ಕಾಲಕ್ಕೆ ಕೇಬಲ್ ಟೀವಿ ಹಂಚುತ್ತಿದ್ದ ಕಂಪನಿ ಈಗ ನಾಲ್ಕು ತಾಲ್ಲೂಕಿನ ಮನೆ, ಅಂಗಡಿ, ಶಾಲೆ, ಡೇರಿಗಳಿಗೆ ನೆಟ್ ಕೊಡುತ್ತದೆ. ಒಟ್ಟು ಇಪ್ಪತ್ತೆರಡು ಸಾವಿರದ ಆರು ನೂರು ಬಾಕ್ಸು. ಪ್ರತಿ ಬಾಕ್ಸಿಗೂ ಎಚ್ಚರವಾದ ಕೂಡಲೇ ಬೇಕಾಗುವುದು ಒಂದು ವಿಳಾಸ, ಅಂದರೆ ಒಂದು ನಂಬರು. ಆ ನಂಬರು ಹಂಚುವುದು ಈ ಕಪ್ಪು ಪೆಟ್ಟಿಗೆ. ಅದು ಬೇಗ ಬೇಗ ಹಂಚುವಂತೆ ನೋಡಿಕೊಳ್ಳುವುದು ಫರೀನ್.

"ದವಾಖಾನಿಗೆ ಹೋದ್ರ ಮೊದಲ ಚೀಟಿ ಮಾಡಸ್ತಾರಲ್ರಿ, ಹಂಗ," ಎನ್ನುತ್ತಾರೆ ಅವರು. "ಚೀಟಿ ಇಲ್ಲಂದ್ರ ಒಳಗ ಡಾಕ್ಟರ್ ಇದ್ರೂ ಇಲ್ಲದಂಗ. ನಾ ಚೀಟಿ ಕೊಡೋ ಕಿಟಕಿ ಕಾಯಾಕಿ. ದಿನಾ ಒಬ್ಬೊಬ್ಬರ ಬಂದ್ರ ಏನೂ ತ್ರಾಸಿಲ್ಲ. ಕರೆಂಟು ಹೋಗಿ ಬಂತಂದ್ರ ಊರಿಗೂರ ಒಮ್ಮೆಲೆ ಕಿಟಕಿಗೆ ಬಂದು ಬೀಳತೈತಿ."

ಹಾಗೆ ಬಿದ್ದಾಗ ಎಲ್ಲರಿಗೂ ನಂಬರು ಸಿಗಲು ಹಿಂದೆ ಐವತ್ತೆರಡು ನಿಮಿಷ ಹಿಡಿಯುತ್ತಿತ್ತು. ಪಟ್ಟಣದವರಿಗೆ ಅದು ಗೊಣಗಾಟದ ಮಾತು, ಅಷ್ಟೇ. ಹಳ್ಳಿಯ ಡೇರಿಯಲ್ಲಿ ಲೆಕ್ಕ ಬೇರೆ. ಹಾಲು ತೂಗುವ, ಜಿಡ್ಡು ನೋಡುವ ಯಂತ್ರ ನೆಟ್ ಇಲ್ಲದೆ ಕಣ್ಣು ಬಿಡುವುದಿಲ್ಲ. ಯಂತ್ರ ಒಪ್ಪದ ಹಾಲನ್ನು ಗಾಡಿ ಎತ್ತುವುದಿಲ್ಲ. ಏಳಕ್ಕೆ ಬರುವ ಗಾಡಿ ಯಾರಿಗಾಗಿಯೂ ನಿಲ್ಲುವುದೂ ಇಲ್ಲ.

ಕಳೆದ ಜನವರಿಯ ಒಂದು ಬೆಳಗ್ಗೆ ಸಂಗೊಳ್ಳಿಯಲ್ಲಿ ಆದದ್ದು ಅದೇ. ಕರೆಂಟು ಆರೂ ಕಾಲಿಗೆ ಬಂತು, ನೆಟ್ ಬರಲಿಲ್ಲ, ಗಾಡಿ ಹೋಯಿತು. ಸಾಲಿನಲ್ಲಿ ನಿಂತಿದ್ದ ಹದಿನಾರು ಮಂದಿಯಲ್ಲಿ ಹದಿನೈದು ಮಂದಿ ಬೈದುಕೊಂಡು ಮನೆಗೆ ಹೋದರು. ಅರವತ್ತು ದಾಟಿದ ಸೋಮವ್ವ ಮಾತ್ರ ಕ್ಯಾನು ಎತ್ತಿಕೊಂಡು ಬಸ್ಸು ಹತ್ತಿದರು. ಪೇಟೆಯಲ್ಲಿ ವಿಚಾರಿಸುತ್ತ ಈ ಮೆಟ್ಟಿಲೇರಿ ಬಂದು, ಫರೀನ್ ಅವರ ಮೇಜಿನ ಮೇಲೆ ಎಂಟು ಲೀಟರ್ ಎಮ್ಮೆ ಹಾಲು ಇಟ್ಟರು.

"ಬೈತಾರಂತ ಮಾಡಿದ್ನಿರಿ. ಬೈಲಿಲ್ಲ," ಎಂದು ನೆನೆಯುತ್ತಾರೆ ಫರೀನ್. "'ನಾಕಕ್ಕ ಎದ್ದು ಹಿಂಡೇನಿ ತಂಗಿ. ಇದನ್ನ ಈಗ ನೀನ ಕುಡಿ. ಕ್ಯಾನು ಇಲ್ಲೇ ಇರಲಿ. ನಿನ್ನ ಮಷೀನು ನೆಟ್ಟಗಾದ ದಿನ ತಂದು ಕೊಡು' ಅಂದ್ರು. ನೀರು ಸುದ್ದಾ ಕುಡೀಲಿಲ್ಲ, ಹೊಂಟ ಹೋದ್ರು."

ಫರೀನ್ ಅವರ ತಾಯಿ ಖತಿಜಾಬಿ ಆ ಹಾಲನ್ನು ಕಾಯಿಸಿ ಗಲ್ಲಿಯ ಮನೆಗಳಿಗೆಲ್ಲ ಹಂಚಿದರು. ಮಗಳು ಒಂದು ಗುಟುಕೂ ಮುಟ್ಟಲಿಲ್ಲ. ಮಾರನೆಯ ದಿನ ಕ್ಯಾನು ತೊಳೆದು ತಂದು ಸರ್ವರ್ ಮೇಲೆ ಇಟ್ಟರು. ಕಣ್ಣೆದುರಿಗೇ ಇರಲಿ ಎಂದು.

ಈ ಕೆಲಸಕ್ಕೆ ಫರೀನ್ ಬಂದದ್ದು ತಾವಾಗಿ ಆರಿಸಿಕೊಂಡು ಅಲ್ಲ. ತಂದೆ ಯಾಕೂಬಸಾಬ ಇದೇ ಕಂಪನಿಯ ಲೈನ್‌ಮನ್. ಮುರಗೋಡದಲ್ಲಿ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಐಟಿಐ ಮುಗಿಸಿದ್ದ ಮಗಳನ್ನು ನಿಜಗುಣಪ್ಪ ಫೋನ್ ಎತ್ತುವ ಕುರ್ಚಿಯಲ್ಲಿ ಕೂರಿಸಿದರು. ಹನ್ನೊಂದು ವರ್ಷದ ಹಿಂದಿನ ಮಾತು. ಸರ್ವರ್ ನೋಡಿಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದ ಹಾಗೆ, ಅದರ ಬೀಗದ ಕೈ ಇವರ ಸೆರಗಿಗೆ ಬಂತು. ಕಲಿಸಲು ಯಾರೂ ಇರಲಿಲ್ಲ. ಓದಿದರು, ತಪ್ಪಿದರು, ಮತ್ತೆ ಓದಿದರು. ತಂದೆ ಈಗಲೂ ಕೋಲೂರಿ ನಡೆಯುತ್ತಾರೆ. ರಾತ್ರಿ ಊಟಕ್ಕೆ ಕುಳಿತಾಗ ಅವರು ಮಗಳಿಗೆ ಕೇಳುವುದು ಒಂದೇ ಪ್ರಶ್ನೆ, "ಎಷ್ಟು ಮಂದಿ ಬೈದ್ರು?"

ಸೋಮವ್ವ ಬಂದು ಹೋದ ಮೇಲೆ ನಿಜಗುಣಪ್ಪನವರೂ ಸುಮ್ಮನೆ ಕೂರಲಿಲ್ಲ. ಸರ್ವರಿಗೆ ಇನ್ನೂ ದೊಡ್ಡ ಯಂತ್ರ ತಂದರೆ ತಂಟೆ ಮುಗಿಯಿತೆಂದು ದೊಡ್ಡ ಯಂತ್ರವನ್ನೇ ತರಿಸಿದರು, ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದರು. ಮುಂದಿನ ಸಲ ಕರೆಂಟು ಹೋಗಿ ಬಂದಾಗ ನಲವತ್ತೊಂಬತ್ತು ನಿಮಿಷ ಹಿಡಿಯಿತು. ಅಷ್ಟು ದೊಡ್ಡ ಯಂತ್ರ ಉಳಿಸಿಕೊಟ್ಟದ್ದು ಮೂರೇ ನಿಮಿಷ. ನಿಂಬೆಹಣ್ಣಿನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಕಚೇರಿಯಲ್ಲಿ ಈಗಲೂ ತಮಾಷೆ ನಡೆಯುತ್ತದೆ.

ತೊಂದರೆ ಇದ್ದದ್ದು ಯಂತ್ರದ ಶಕ್ತಿಯಲ್ಲಲ್ಲ, ಅದರ ಅತಿ ಶಿಸ್ತಿನಲ್ಲಿ. ಫರೀನ್ ದಿನಗಟ್ಟಲೆ ಕುಳಿತು ನೋಡಿ ಅದನ್ನು ಹಿಡಿದರು. "ಒಂದು ಚೀಟಿ ಕೊಡತಿತ್ತು, ವಹಿ ತಗದು ಹೆಸರು ಬರೀತಿತ್ತು, ವಹಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕತಿತ್ತು. ಆಮ್ಯಾಲೆ ಮುಂದಿನವ್ರನ್ನ ಕರೀತಿತ್ತು. ಮತ್ತ ಕೀಲಿ ತಗಿ, ಮತ್ತ ವಹಿ ತಗಿ. ಇಪ್ಪತ್ತೆರಡು ಸಾವಿರ ಸಲ ಹಿಂಗ ಮಾಡಿದ್ರ ಹೆಂಗ್ರಿ?" ಇನ್ನೂರು ಹೆಸರು ಸೇರಿದ ಮೇಲೆ ಒಟ್ಟಿಗೆ ಬರೆದು, ಆಮೇಲೆ ಚೀಟಿ ಹಂಚುವಂತೆ ಅದಕ್ಕೆ ಕಲಿಸಿದರು. ಕೊಟ್ಟ ನಂಬರನ್ನು ಅರ್ಧ ಗಂಟೆಗೊಮ್ಮೆಯ ಬದಲು ಎಂಟು ಗಂಟೆಗೊಮ್ಮೆ ಹೊಸದು ಮಾಡಿಕೊಂಡರೆ ಸಾಕೆಂದರು. ನಲವತ್ತೊಂಬತ್ತು ನಿಮಿಷ ಇಪ್ಪತ್ತಕ್ಕೆ ಇಳಿಯಿತು. ಅಲ್ಲಿಗೆ ಗಟ್ಟಿಯಾಗಿ ನಿಂತುಬಿಟ್ಟಿತು.

ಇಪ್ಪತ್ತು ನಿಮಿಷವೂ ಡೇರಿಗೆ ಹೆಚ್ಚೇ. ಒಂದು ಮಧ್ಯಾಹ್ನ ಫರೀನ್, ಸೋಮವ್ವ ಬಂದ ದಿನದ ದಾಖಲೆಯನ್ನೇ ತೆಗೆದು ಓದಲು ಕುಳಿತರು. ಸಂಗೊಳ್ಳಿ ಡೇರಿಯ ಬಾಕ್ಸು ಆ ಬೆಳಗ್ಗೆ ಎಷ್ಟು ಸಲ ನಂಬರು ಕೇಳಿದೆ ಎಂದು ನೋಡಿದರೆ, ಎದ್ದು ಎದ್ದು ಹತ್ತೊಂಬತ್ತು ಸಲ. ಕಾರಣ ತಿಳಿಯಲು ಡೇರಿಯ ಕಾರ್ಯದರ್ಶಿ ಕಲ್ಮೇಶ ಅವರಿಗೆ ಫೋನ್ ಮಾಡಿದರು. ಕಲ್ಮೇಶ ಅಭಿಮಾನದಿಂದಲೇ ಉತ್ತರ ಕೊಟ್ಟರು, "ನೀವ ಹೇಳಿಕೊಟ್ಟೀರಲ್ರಿ ಅಕ್ಕಾರ. ಆಫ್ ಮಾಡು, ಹತ್ತು ಎಣಸು, ಆನ್ ಮಾಡು. ಹತ್ತೊಂಬತ್ತು ಸಲ ಮಾಡೇನಿ."

ಹನ್ನೊಂದು ವರ್ಷ ಪ್ರತಿ ಕರೆಗೂ ಫರೀನ್ ಹೇಳಿದ ಮದ್ದು ಅದೊಂದೇ. ನಾಲ್ಕು ತಾಲ್ಲೂಕೂ ಅದನ್ನು ಬಾಯಿಪಾಠ ಮಾಡಿಕೊಂಡಿತ್ತು. ಕರೆಂಟು ಬಂದು ಎರಡು ನಿಮಿಷದಲ್ಲಿ ನೆಟ್ ಬರದಿದ್ದರೆ ಸಾವಿರಾರು ಕೈಗಳು ಒಟ್ಟಿಗೆ ಸ್ವಿಚ್ಚಿಗೆ ಹೋಗುತ್ತಿದ್ದವು. "ನಾ ಚೀಟಿ ಬರದು ಹೆಸರು ಕೂಗೂದ್ರಾಗ ಆ ಮನಷ್ಯಾ ಎದ್ದು ಹೋಗಿ ಮತ್ತ ಸಾಲಿನ ಕಡೀಕ ನಿಂತಿರತಿದ್ದ. ಇಲ್ಲದವ್ರ ಹೆಸರ ಕೂಗಿಕೋತ ಕುಂತಿದ್ನಿರಿ ನಾ. ಸೋಮವ್ವಾಯಿ ಹಾಲು ಹಿಂದಕ್ಕ ಬಂದಿದ್ದು ಮಷೀನಿಂದ ಅಷ್ಟ ಅಲ್ಲ. ನನ್ನ ಬಾಯಿಂದನೂ ಹೌದು." ಇದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವವರನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ, ಸುಳ್ಳೇಕೆ.

ಸಾಲಿನಲ್ಲಿ ಹಳತಾದ ಬೇಡಿಕೆಗಳನ್ನು ಓದದೆ ಬಿಸಾಕುವಂತೆ ಸರ್ವರನ್ನು ತಿದ್ದುವುದು ಒಂದು ವಾರದ ಕೆಲಸವಾಯಿತು. ಜನರನ್ನು ತಿದ್ದಲು ಮೂರು ತಿಂಗಳು ಬೇಕಾಯಿತು. ತಮ್ಮದೇ ದನಿಯಲ್ಲಿ ಸಂದೇಶ ಮಾಡಿ ಎಲ್ಲ ಗಿರಾಕಿಗಳ ಮೊಬೈಲಿಗೆ ಕಳಿಸಿದರು: "ಕರೆಂಟು ಬಂದ ಮ್ಯಾಲೆ ಬಾಕ್ಸ್ ಮುಟ್ಟಬ್ಯಾಡ್ರಿ. ಐದು ನಿಮಿಷ ಕೈ ಕಟ್ಟಿಕೊಂಡು ಕುಂದರ್ರಿ." ಯರಗಟ್ಟಿಯ ಅಂಗಡಿಕಾರರೊಬ್ಬರು ಕರೆ ಮಾಡಿ, ಇಷ್ಟು ವರ್ಷ ಮುಟ್ಟು ಅಂದಾಕಿ ನೀನ, ಈಗ ಮುಟ್ಟಬ್ಯಾಡ ಅನ್ನಾಕಿನೂ ನೀನ ಏನವಾ ಎಂದು ರೇಗಿಸಿದರಂತೆ. "ಹೌದ್ರಿ ಕಾಕಾ, ಎರಡೂ ನಾನ," ಎಂದರಂತೆ ಇವರು.

ಇಷ್ಟೆಲ್ಲ ಮಾಡಿಯೂ ಪರೀಕ್ಷೆ ಬಾಕಿ ಇತ್ತು. ಒಂದೆರಡು ಊರಿಗೆ ಕರೆಂಟು ಹೋಗಿ ಬಂದಾಗ ಎಲ್ಲ ಸುಸೂತ್ರ. ನಾಲ್ಕೂ ತಾಲ್ಲೂಕು ಒಟ್ಟಿಗೆ ಎದ್ದರೆ ಏನಾದೀತು? ಅದು ತಿಳಿಯದೆ ಸೋಮವ್ವನ ಕ್ಯಾನು ಇಳಿಸುವ ಹಾಗಿರಲಿಲ್ಲ.

ಆರು ಗಂಟೆ ಎಂಟು ನಿಮಿಷ. ಎದುರಿನ ಬೀದಿದೀಪ ಮಿಣುಕಿ ಹತ್ತಿಕೊಳ್ಳುತ್ತದೆ. ಫರೀನ್ ಮೊಬೈಲಿನ ಗಡಿಯಾರ ಒತ್ತಿ ಮೇಜಿನ ಮೇಲಿಟ್ಟು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಾರೆ. ಊರಿಗೆ ಹೇಳಿದ ಬುದ್ಧಿಯನ್ನು ತಾವೂ ಪಾಲಿಸಬೇಕಲ್ಲ. ಮೊದಲ ನಿಮಿಷ ಪರದೆಯ ಮೇಲೆ ಹೆಚ್ಚೇನೂ ಇಲ್ಲ, ಬಾಕ್ಸುಗಳು ಇನ್ನೂ ಕಣ್ಣುಜ್ಜುತ್ತಿವೆ. ಆಮೇಲೆ ಅಂಕಿ ಓಡತೊಡಗುತ್ತದೆ. ಎರಡು ಸಾವಿರ. ಏಳು ಸಾವಿರ. ಮುರಗೋಡ ಪೂರ್ತಿ, ಯರಗಟ್ಟಿ ಪೂರ್ತಿ. ಹದಿನೆಂಟು ಸಾವಿರದ ಹತ್ತಿರ ಒಂದು ಕ್ಷಣ ತಡವರಿಸುತ್ತದೆ. ಫರೀನ್ ಕೈ ಹೊರಗೆ ಬರುವುದಿಲ್ಲ. ಅಂಕಿ ಮತ್ತೆ ಹೊರಡುತ್ತದೆ. ಕೊನೆಗೆ ರಾಮದುರ್ಗದ ಅಂಚಿನ ಹಳ್ಳಿಗಳೂ ಬಂದು ಸೇರಿದಾಗ ಮೊಬೈಲು ತೋರಿಸುವುದು ಮೂರು ನಿಮಿಷ ನಲವತ್ತು ಸೆಕೆಂಡು.

ಆರೂ ಕಾಲಿಗೆ ಫೋನ್ ಬಡಿದುಕೊಳ್ಳುತ್ತದೆ. ನಿಜಗುಣಪ್ಪನವರು. "ಕರೆಂಟು ಇನ್ನೂ ಬಂದಿಲ್ಲೇನ ತಂಗಿ? ಯಾರ ಫೋನೂ ಇಲ್ಲಲ್ಲ."

"ಬಂದು ಏಳು ನಿಮಿಷ ಆತ್ರಿ ಅಣ್ಣಾರ," ಎನ್ನುತ್ತಾರೆ ಫರೀನ್. ಫೋನ್ ಇಟ್ಟು, ಕುರ್ಚಿ ಹತ್ತಿ ಕ್ಯಾನು ಇಳಿಸಿ, ಸೆರಗಿನಿಂದ ಧೂಳು ಒರೆಸುತ್ತಾರೆ.

ಕೊಡುವುದಾದರೆ ಇವತ್ತೇ ಕೊಡಬೇಕು. ಆದರೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಈ ಕಡೆ ಯಾರ ಮನೆಯಲ್ಲೂ ಇಲ್ಲ. ಖತಿಜಾಬಿ ತಮ್ಮ ಕೈಯಾರೆ ಹೊಸೆದು ಒಣಗಿಸಿಟ್ಟ ಶಾವಿಗೆಯನ್ನು ಕ್ಯಾನಿನ ಕಂಠದವರೆಗೆ ತುಂಬಿಸಿದ್ದಾರೆ. ಸಂಜೆ ಐದರ ಹೊತ್ತಿಗೆ ಫರೀನ್ ಸ್ಕೂಟಿ ಸಂಗೊಳ್ಳಿ ಡೇರಿಯ ಮುಂದೆ ನಿಲ್ಲುತ್ತದೆ.

ಸಂಜೆಯ ಹಾಲಿನ ಸಾಲು ಇದೆ. ಎಲ್ಲರಿಗಿಂತ ಮುಂದೆ ಸೋಮವ್ವ, ಕೈಯಲ್ಲಿ ಬೇರೊಂದು ಕ್ಯಾನು. ಇವರನ್ನು ಗುರುತಿಸಿ, ತಮ್ಮ ಹಳೆಯ ಕ್ಯಾನು ಇಸಿದುಕೊಂಡು ಮುಚ್ಚಳ ತೆಗೆದು ನೋಡುತ್ತಾರೆ. "ಶಾವಿಗಿ ನಿಮ್ಮವ್ವ ಹೊಸೆದದ್ದೇನ?" ಎಂದಷ್ಟೇ ಕೇಳುತ್ತಾರೆ. ಯಂತ್ರ ನೆಟ್ಟಗಾಯಿತೇ ಎಂದು ಕೇಳುವುದಿಲ್ಲ. ಬೆಳಗ್ಗೆ ಅವರ ಹಾಲು ಆರೂವರೆಯೊಳಗೇ ಯಂತ್ರ ದಾಟಿ, ಏಳರ ಗಾಡಿ ಸೇರಿದೆ.

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಹತ್ತು ಹನ್ನೆರಡು ಸೆಕೆಂಡು, ಮತ್ತೆ ಬರುತ್ತದೆ. ಯಂತ್ರ ಮುಖ ಕಪ್ಪು ಮಾಡಿಕೊಂಡು ಕೂರುತ್ತದೆ. ಕಲ್ಮೇಶ ಅವರ ಕೈ ತನ್ನಷ್ಟಕ್ಕೆ ಗೋಡೆಯ ಸ್ವಿಚ್ಚಿನತ್ತ ಹೋಗುತ್ತದೆ. ಸೋಮವ್ವ ಆ ಕೈಗೆ ರಪ್ಪನೆ ಒಂದೇಟು ಕೊಡುತ್ತಾರೆ. "ಮುಟ್ಟಬ್ಯಾಡಂತ ಹೇಳ್ಯಾರಿಲ್ಲೋ? ಕೈ ಕಟ್ಟಿಕೊಂಡು ಕುಂದರು."

ಸಾಲಿನ ತುದಿಯಲ್ಲಿ ನಿಂತ ಫರೀನ್ ಮನಸ್ಸಿನಲ್ಲೇ ಎಣಿಸುತ್ತಿದ್ದಾರೆ. ತುಟಿ ಅಲುಗುವುದು ಕಾಣುತ್ತದೆ. ಎಂಬತ್ತನಾಲ್ಕಕ್ಕೆ ಬಾಕ್ಸಿನ ಮೇಲಿನ ಕೆಂಪು ಚುಕ್ಕೆ ಹಸಿರಾಗುತ್ತದೆ. ಯಂತ್ರ ಕೂಗುತ್ತದೆ, ಸಾಲು ಮುಂದೆ ಸರಿಯುತ್ತದೆ. ಯಾರೂ ತಿರುಗಿ ನೋಡುವುದಿಲ್ಲ.

"ಹನ್ನೊಂದು ವರ್ಷ ಆತ್ರಿ," ಎನ್ನುತ್ತಾರೆ ಫರೀನ್, ಆ ಚುಕ್ಕೆಯನ್ನೇ ನೋಡುತ್ತ. "ಅಲ್ಲಿ ಬರೇ ಅಂಕಿ ನೋಡೇನಿ. ಇದು ಹತ್ತೂದನ್ನ ಈ ಕಡಿಂದ ನೋಡಿದ್ದಿಲ್ಲ."

ಹೊರಡುವ ಹೊತ್ತಿಗೆ ಸೋಮವ್ವ ತಡೆಯುತ್ತಾರೆ. ಶಾವಿಗೆಯನ್ನು ಸೆರಗಿಗೆ ಸುರಿದುಕೊಂಡಾಗಿದೆ, ಇಂದಿನ ಹಾಲಿನಲ್ಲಿ ಎರಡು ಲೀಟರ್ ಅಳೆಯದೆ ಉಳಿಸಿದ್ದಾರೆ. ಅದನ್ನು ಅದೇ ಕ್ಯಾನಿಗೆ ಹೊಯ್ದು ಸ್ಕೂಟಿಯ ಮುಂದೆ ಇಡುತ್ತಾರೆ. "ಶಾವಿಗಿ ಕೊಟ್ಟ ಕೈನ ಖಾಲಿ ಹೆಂಗ ಕಳಸ್ಲಿ. ಒಯ್ಯಿ. ಈ ಸಲ ನೀನೂ ಕುಡಿ."

ಇನ್ನೇನು ಆಸೆ ಇದೆ ಎಂದು ಕೇಳಿದರೆ ಫರೀನ್ ಸ್ಕೂಟಿಯ ಕೀಲಿ ತಿರುಗಿಸುತ್ತ ನಗುತ್ತಾರೆ. "ಕ್ಯಾನು ಮತ್ತ ನನ್ನ ಕಡೇನ ಬಂತಲ್ರಿ. ಸರ್ವರ್ ಮ್ಯಾಲೆ ಇಡಂಗಿಲ್ಲ ಇದನ್ನ. ಮನಿಗೆ ಒಯ್ಯತೇನಿ. ಅಪ್ಪಗ ಚಾ ಮಾಡಿ ಕೊಡೂದೈತಿ, ಇವತ್ತ ಯಾರೂ ಬೈದಿಲ್ಲಂತ ಹೇಳೂದೈತಿ."