ವರ್ನಾ ಕಟ್ಟಲೊಲ್ಲದ ಪಟ್ಟಿ

ಅಮೆರಿಕದ ಉತ್ತರ ಡಕೋಟಾದಲ್ಲಿ, ಸಕ್ಕರೆಗೆ ಬೆಳೆಯುವ ಬೀಟ್ ಗೆಡ್ಡೆಯ ಹೊಲಗಳ ನಡುವಿನ ಊರಿನ ಆಸ್ಪತ್ರೆಯಲ್ಲಿ, ಹಸುಗೂಸುಗಳ ವಾರ್ಡಿನಲ್ಲಿ ವರ್ನಾ ಹಾಲ್ವರ್ಸನ್ ನರ್ಸ್ ಆಗಿದ್ದಳು. ಎಂಬತ್ತರ ದಶಕದ ಮಾತು. ಗಂಡುಮಗು ಹುಟ್ಟಿದ ಮರುದಿನ ಅದರ ಶಿಶ್ನದ ಮುಂದೊಗಲು ಕತ್ತರಿಸುವುದು ಅಲ್ಲಿ ಉಗುರು ತೆಗೆದಷ್ಟೇ ಸಹಜ. ಮಗುವಿನ ಮೈಗೆ ಸರಿಯಾಗಿ ತಗ್ಗು ಮಾಡಿದ ಪ್ಲಾಸ್ಟಿಕ್ ಹಲಗೆಯೊಂದಿತ್ತು. ಅದರ ಮೇಲೆ ಮಲಗಿಸಿ ಕೈಕಾಲಿಗೆ ಪಟ್ಟಿ ಬಿಗಿಯುವುದು ನರ್ಸಿನ ಕೆಲಸ. ಮರಗಟ್ಟಿಸುವ ಮದ್ದು ಕೊಡುತ್ತಿರಲಿಲ್ಲ. ಅಷ್ಟು ಎಳೆಯದಕ್ಕೆ ನೋವೇನು ತಿಳಿಯುತ್ತದೆ ಎನ್ನುತ್ತಿದ್ದರು. ವರ್ನಾಳೂ ವರ್ಷಗಟ್ಟಲೆ ಬಿಗಿದಿದ್ದಳು.

ಒಂದು ಬೆಳಿಗ್ಗೆ ಮರ್ಲಿಸ್ ಎಂಬ ಹುಡುಗಿಯ ಚೊಚ್ಚಲ ಮಗು ಹಲಗೆಯ ಮೇಲೆ ಕಿರುಚಿ ಕಿರುಚಿ, ಇದ್ದಕ್ಕಿದ್ದಂತೆ ಸುಮ್ಮನಾಯಿತು. ಡಾಕ್ಟರ್ ಫಾಸ್ ಕೆಲಸ ಮುಂದುವರಿಸಿದರು. ಮಗು ಕಣ್ಣು ಬಿಟ್ಟೇ ಇತ್ತು, ಆದರೆ ಆ ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ವರ್ನಾ ಅದನ್ನು ತಾಯಿಯ ಬಳಿ ಒಯ್ದಾಗ ನಿದ್ದೆ ಹತ್ತಿತ್ತು.

"ಅತ್ನಾ?" ಎಂದಳು ಮರ್ಲಿಸ್.

ಹಿಂದೆಯೇ ಬಂದಿದ್ದ ಹೆಡ್ ನರ್ಸ್ ಐಮೊಜೀನ್ ನಕ್ಕಳು. "ಎಲ್ಲಿ ಅಳೋದು? ಪೂರ್ತಿ ನಿದ್ದೇಲೇ ಕಳೆದ ನಿನ್ನ ಮಗ."

ವರ್ನಾ ಮಗುವಿನ ಹೊದಿಕೆ ಸರಿಮಾಡಿ ಹೊರಬಂದಳು.

ಅಂದಿನಿಂದ ಆ ಕಿರುಚು ಅವಳ ಬೆನ್ನು ಹತ್ತಿತು. ಕೆಟಲ್ ಕುದಿದು ಸಿಳ್ಳೆ ಹಾಕಿದರೆ ಅದೇ ದನಿ. ಕಾರಿನ ಎಂಜಿನ್ ಬೆಲ್ಟು ಕಿರುಗುಟ್ಟುವಾಗ ಅದೇ ದನಿ. ಅದಕ್ಕಿಂತ ಭಯವಾಗುತ್ತಿದ್ದುದು ದನಿ ನಿಂತಾಗ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಪ್ರಾರ್ಥಿಸುತ್ತಿರುವಾಗ ಅವಳು ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. "ಮೈ ಸರಿಯಿಲ್ವೇನೇ?" ಎಂದು ಗಂಡ ಆರ್ಲೋ ಕೇಳಿದರೆ, "ಒಳಗೆ ಸೆಖೆ" ಎನ್ನುವಳು. ಹೊರಗೆ ಮೊಣಕಾಲುದ್ದ ಹಿಮ.

ಚಳಿಗಾಲ ಮುಗಿಯುವ ಹೊತ್ತಿಗೆ, ಹಲಗೆಯ ಮುಂದೆ ನಿಂತಿದ್ದವಳು ಬೇರೊಂದು ಮಗುವನ್ನು ಎದೆಗೆ ಅವುಚಿಕೊಂಡೇ ಹೇಳಿದಳು: "ನಾನು ಕಟ್ಟಲ್ಲ ಡಾಕ್ಟ್ರೇ."

"ಕೈ ನೋವಾ?"

"ಕೈಗೇನೂ ಆಗಿಲ್ಲ. ಇವನಿಗೆ ಯಾವ ಕಾಯಿಲೇನೂ ಇಲ್ಲ, ಇವನನ್ನ ಯಾರೂ ಕೇಳೂ ಇಲ್ಲ. ನನ್ನಿಂದ ಆಗಲ್ಲ."

ಫಾಸ್ ಕೆಟ್ಟವರಲ್ಲ, ಅವಳ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದ್ದವರು. "ವರ್ನಾ, ಅಪ್ಪ ಅಮ್ಮ ಒಪ್ಪಿದಾರೆ. ನೀನ್ಯಾರು ಬೇಡ ಅನ್ನೋಕೆ?"

"ಅವರಿಗೆ ಬೇಡ ಅಂತಿಲ್ಲ. ನನ್ನ ಕೈ ಕೊಡಲ್ಲ ಅಂತಿದೀನಿ."

ಐಮೊಜೀನ್ ಅವಳನ್ನು ಊಟದ ಕೋಣೆಗೆ ಎಳೆದೊಯ್ದಳು. "ಇಷ್ಟು ವರ್ಷ ಕಟ್ಟಿದೆಯಲ್ಲ, ಆಗೆಲ್ಲಿ ಹೋಗಿತ್ತು ನಿನ್ನ ಈ ಕರುಣೆ?"

"ಅದನ್ನೇ ನಾನೂ ಕೇಳ್ಕೋತಿದೀನಿ" ಎಂದಳು ವರ್ನಾ.

ಕೆಲವರು ಅವಳ ಊಟದ ಮೇಜಿಗೆ ಬರುವುದನ್ನೇ ಬಿಟ್ಟರು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಇನ್ನಿಬ್ಬರು ನರ್ಸುಗಳು ತಾವೂ ಕಟ್ಟುವುದಿಲ್ಲ ಎಂದರು. ಕೊನೆಗೆ, ಮನಸ್ಸೊಪ್ಪದವರನ್ನು ಒತ್ತಾಯಿಸುವುದಿಲ್ಲವೆಂದು ಆಸ್ಪತ್ರೆ ಒಪ್ಪಿತು. ಹಲಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಬಾಗಿಲ ಈಚೆ ವರ್ನಾ ಕಿರುಚು ಕೇಳುತ್ತ ನಿಲ್ಲುವಳು; ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು, ಅದರ ಮೈ ನಡುಗುವುದು ನಿಲ್ಲುವವರೆಗೂ ಓಡಾಡುವಳು.

ಮುಂದೊಂದು ಬೇಸಿಗೆಯಲ್ಲಿ ಮರ್ಲಿಸ್ ಎರಡನೆಯ ಗಂಡುಮಗು ಹೆತ್ತಳು. ವರ್ನಾಳನ್ನು ಕಂಡು ಅವಳ ಮುಖ ಅರಳಿತು.

"ನಾಳೆ ನೀವೇ ಹತ್ರ ಇರಿ ಸಿಸ್ಟರ್. ದೊಡ್ಡವನಿಗೆ ನೀವೇ ಇದ್ರಲ್ಲ, ಗೊತ್ತೇ ಆಗ್ಲಿಲ್ಲ ಅವನಿಗೆ."

ವರ್ನಾ ಮಂಚದ ಅಂಚಿನಲ್ಲಿ ಕೂತಳು. "ಅವನು ನಿದ್ದೆ ಮಾಡಿರಲಿಲ್ಲ, ಮರ್ಲಿಸ್. ತುಂಬಾ ಕಿರುಚಿದ. ಆಮೇಲೆ ಸುಸ್ತಾಗಿ ದನಿಯೇ ನಿಂತುಹೋಯ್ತು."

ಮರ್ಲಿಸ್ ಬಹಳ ಹೊತ್ತು ಮಗುವಿನ ಟೋಪಿ ಸರಿಮಾಡುತ್ತಲೇ ಇದ್ದಳು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಧೈರ್ಯ ಇರಲಿಲ್ಲ."

"ಈಗ ಹೇಳಿ ಏನು ಬಂತು? ಇವನನ್ನ ಉಳಿಸ್ಕೋಬಹುದು. ಅವನಿಗೆ ನಾನೇನು ಹೇಳ್ಲಿ? ಹೋಗಿ ನೀವು. ಬೇರೆ ನರ್ಸನ್ನ ಕಳಿಸಿ."

ಚಿಕ್ಕವನಿಗೆ ಕತ್ತರಿ ತಾಗಲಿಲ್ಲ. ಹೊರಡುವ ದಿನ ಮರ್ಲಿಸ್ ವಾರ್ಡಿನವರೆಲ್ಲರ ಕೈಕುಲುಕಿ, ವರ್ನಾಳ ಮುಂದೆ ತಲೆಯೆತ್ತದೆ ದಾಟಿಹೋದಳು. ಆಮೇಲೆ ಅಂಗಡಿಯಲ್ಲಿ ಎದುರಾದರೂ ಮಾತಾಡಲಿಲ್ಲ. ವರ್ನಾ ಅದಕ್ಕೆ ಬೇಸರಿಸಲಿಲ್ಲ. ಅವಳು ನಿವೃತ್ತಳಾಗುವ ಹೊತ್ತಿಗೆ ಮರಗಟ್ಟಿಸುವ ಮದ್ದು ಬಂದಿತ್ತು, ಕಿರುಚು ತಗ್ಗಿತ್ತು. ಆದರೂ ವಾರ್ಡಿನಲ್ಲಿ ಯಾವುದಾದರೂ ಮಗು ತೀರ ಸದ್ದಿಲ್ಲದೆ ಮಲಗಿದ್ದರೆ ಅವಳು ಹೋಗಿ, ಅದು ಒಮ್ಮೆ ಅಳುವವರೆಗೂ ಅದರ ಪಾದವನ್ನು ಮೆಲ್ಲಗೆ ಉಜ್ಜುತ್ತಿದ್ದಳು.