ದೊನ್ಯಾ ಎಲಾದಿಯಾಳ ಹಳದಿ ರಿಬ್ಬನ್

ತುಕುಮಾನ್ ಊರಿನ ಆ ಕೇರಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲು ಹೋಗುವುದು, ಎಲ್ಲರೂ ಗೌರವದಿಂದ ದೊನ್ಯಾ ಎನ್ನುವ ಎಲಾದಿಯಾಳ ಮನೆಗೆ. ಡಾಕ್ಟರ ಸರದಿ ಆಮೇಲೆ. ತಿಂದದ್ದು ಕರಗದೆ ಹೊಟ್ಟೆಯೊಳಗೆ ಅಂಟಿಕೊಂಡು ಕೂತರೆ ಅದು ಎಂಪಾಚೊ. ಅದನ್ನು ಅವಳು ಅಳೆಯುವುದು ಒಂದು ಹಳದಿ ರಿಬ್ಬನ್ನಿನಿಂದ. ಬಂದವರು ಒಂದು ತುದಿಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಇವಳು ತುಟಿಯೊಳಗೇ ಮಂತ್ರ ಹೇಳುತ್ತ ಮೊಳ ಹಾಕಿಕೊಂಡು ಬರುತ್ತಾಳೆ. ಮೂರನೆಯ ಮೊಳಕ್ಕೆ ಮೊಣಕೈ ಹೊಟ್ಟೆಗೆ ತಾಗಿದರೆ ಏನೂ ಇಲ್ಲ, ಎದೆಗೆ ಏರಿದರೆ ಎಂಪಾಚೊ. ಆಮೇಲೆ ಬೋರಲು ಮಲಗಿಸಿ, ಸೊಂಟದ ಮೇಲಿನ ಚರ್ಮವನ್ನು ಹಿಡಿದು ಟಕ್ಕೆನ್ನುವವರೆಗೆ ಎಳೆಯುವುದು. ಇಷ್ಟಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ಕೊಡುತ್ತಾಳೆ.

“ಮದ್ವೆ ಊಟ ಬೇರೆಯವ್ರದ್ದು, ಸರಿ. ಹೊಟ್ಟೇನೂ ಬೇರೆಯವ್ರದ್ದು ಅಂದ್ಕೊಂಡ್ಯಾ?”

ಮಗಳು ಮಾರಿಸೆಲ್‌ಳ ಎಂಟು ವರ್ಷದ ಹುಡುಗಿ ಬ್ರಿಸಾಗೆ ರಕ್ತದ ಕ್ಯಾನ್ಸರ್ ಎಂದು ಜೂನ್‌ನಲ್ಲಿ ಗೊತ್ತಾದಾಗ, ಇದು ತನ್ನ ರಿಬ್ಬನ್ನಿನ ಕೆಲಸವಲ್ಲ ಎಂದು ಎಲಾದಿಯಾ ತಕರಾರಿಲ್ಲದೆ ಒಪ್ಪಿಕೊಂಡಳು. ಮದ್ದು ಆಸ್ಪತ್ರೆಯವರ ಪಾಲಿಗೆ, ಅಡುಗೆ ಅಜ್ಜಿಯ ಪಾಲಿಗೆ. ಮಾತ್ರೆಗಳ ದೆಸೆಯಿಂದ ಹುಡುಗಿಗೆ ಬಕಾಸುರನ ಹಸಿವು. ಆಗಸ್ಟ್‌ನ ಒಂದು ಭಾನುವಾರ, ತೊಡೆಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಐದು ದಿನವಾಗಿತ್ತು, ಅವಳು ಎಂಪನಾಡ ಬೇಕೆಂದು ಹಟ ಹಿಡಿದಳು. ಮಾಂಸದ ಹೂರಣ ತುಂಬಿ ದನದ ಕೊಬ್ಬಿನಲ್ಲಿ ಕರಿದ ಕಡುಬು ಅದು. ಕರಿದದ್ದು ಕೂಡದು ಎಂದು ಮಾರಿಸೆಲ್ ಕಣ್ಣು ಬಿಟ್ಟಳು. ಅವಳು ಹಿತ್ತಿಲಿಗೆ ಬಟ್ಟೆ ಹರವಲು ಹೋಗಿ ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳಿಗೆ ನಾಲ್ಕು ತಿನ್ನಿಸಿ, ಬಾಯಿಯನ್ನೂ ಒರೆಸಿ ಆಗಿತ್ತು.

ಮಂಗಳವಾರ ಬೆಳಿಗ್ಗೆ ಬ್ರಿಸಾಗೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ.

“ಅಮ್ಮಾ, ಆಸ್ಪತ್ರೆ ಮೆಟ್ಲು ಹತ್ತಿ ಹತ್ತಿ ಸಾಕಾಗೋಗಿದೆ,” ಎಂದಳು ಮಾರಿಸೆಲ್. “ಇದು ಬರೀ ಎಂಪಾಚೊ. ನೀನೇ ಅಳ್ದು ಎಳ್ದುಬಿಡು.”

ಎಲಾದಿಯಾ ಅಳೆದಳು. ಮೂರನೆಯ ಮೊಳಕ್ಕೆ ಮೊಣಕೈ ಹುಡುಗಿಯ ಕತ್ತಿಗೇ ಬಂತು. ಅಷ್ಟೆತ್ತರದ ಎಂಪಾಚೊವನ್ನು ಅವಳು ಐವತ್ತು ವರ್ಷದಲ್ಲಿ ಕಂಡಿರಲಿಲ್ಲ.

“ನೋಡ್ದ್ಯಾ! ಎಳಿ ಮತ್ತೆ,” ಎಂದಳು ಮಾರಿಸೆಲ್, ಬದುಕಿದೆನೆಂಬಂತೆ.

ಆದರೆ ಹುಡುಗಿ ಮಲಗಲೊಲ್ಲಳು. ಮೊಣಕಾಲನ್ನು ಎದೆಗೆ ಅವಚಿಕೊಂಡು, “ಬೆನ್ನಲ್ಲೂ ಚುಚ್ತಿದೆ ಅಜ್ಜಿ,” ಎಂದಳು. ಎಲಾದಿಯಾ ಹೊಟ್ಟೆಯ ಮೇಲೆ ಕೈಯಿಟ್ಟಳು, ಕಿವಿಯನ್ನೂ ಇಟ್ಟಳು. ಎಂಪಾಚೊ ಹಿಡಿದ ಹೊಟ್ಟೆ ಗುಡುಗುಡು ಎನ್ನುತ್ತದೆ, ಕೈಗೆ ಜಾಗ ಕೊಡುತ್ತದೆ. ಇದು ಬಿಗಿದುಕೊಂಡು ತೆಪ್ಪಗಿತ್ತು. ಅವಳು ರಿಬ್ಬನ್ ಸುತ್ತಿ ಜೇಬಿಗಿಟ್ಟಳು.

“ಇದು ನನ್ ಕೈಯಲ್ಲಿ ಹೋಗೋ ನೋವಲ್ಲ. ಟ್ಯಾಕ್ಸಿ ಕರಿ.”

“ಮತ್ತೆ ರಿಬ್ಬನ್ ಹೇಳಿದ್ದು?”

“ಸುಳ್ಳು ಹೇಳ್ತು. ಐವತ್ತು ವರ್ಷಕ್ಕೆ ಒಂದ್ಸಲ ಹೇಳ್ಲಿ ಬಿಡು.”

ಆಸ್ಪತ್ರೆಯಲ್ಲಿ ಪೆರಾಲ್ಟಾ ಎಂಬ ಎಳೆ ವಯಸ್ಸಿನ ಡಾಕ್ಟರಮ್ಮ ಕೇಳಿದಳು: “ಏನು ತಿಂದಿದ್ಲು?”

“ಒಂದು ಎಂಪನಾಡ,” ಎಂದಳು ಎಲಾದಿಯಾ. ಮಾರಿಸೆಲ್ ತಿರುಗಿ ನೋಡಿದಳು. “ಎರಡು,” ಎಂದಳು ಅಜ್ಜಿ. ಮಗಳು ನೋಟ ಕದಲಿಸಲಿಲ್ಲ. “ನಾಲ್ಕು. ಕರಿದದ್ದು.”

ರಕ್ತಪರೀಕ್ಷೆಯ ಚೀಟಿ ಬಂದ ಮೇಲೆ ಡಾಕ್ಟರಮ್ಮ ಅವಳ ಪಕ್ಕದಲ್ಲೇ ಕೂತಳು. “ಅಜ್ಜಿ, ಹೊಟ್ಟೆ ಹಿಂದುಗಡೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಕ್ಯಾನ್ಸರ್‌ಗೆ ಕೊಟ್ಟ ಆ ಇಂಜೆಕ್ಷನ್ ಅಪರೂಪಕ್ಕೆ ಕೆಲವು ಮಕ್ಕಳಿಗೆ ಅದನ್ನ ಊದಿಸಿಬಿಡುತ್ತೆ. ಜೀವಕ್ಕೆ ಅಪಾಯ ಇಲ್ಲ ಅಂತ ನಾನೀಗ್ಲೇ ಹೇಳಲ್ಲ. ಆದ್ರೆ ತಡ ಮಾಡ್ದೆ ತಂದ್ರಿ, ಒಳ್ಳೇದಾಯ್ತು. ಎಂಪನಾಡದ ತಪ್ಪಲ್ಲ ಇದು.”

ಎಲಾದಿಯಾ ತಲೆಯಾಡಿಸಿದಳು. ಒಂದು ಮಾತನ್ನೂ ನಂಬಲಿಲ್ಲ.

ಬ್ರಿಸಾಗೆ ಬಾಯಿಗೆ ಏನೂ ಇಲ್ಲ, ಬರೀ ಡ್ರಿಪ್ಪು. ಅಜ್ಜಿಯೂ ಊಟ ಬಿಟ್ಟಳು. ಮಾರಿಸೆಲ್ ಬೈದರೆ ಒಂದು ಚೂರು ಬ್ರೆಡ್ ಮುರಿದು ಬಾಯಿಗೆ ಹಾಕಿಕೊಳ್ಳುವಳು, ಅಷ್ಟೇ. ಆ ಊರಿನವರು ದಿನವಿಡೀ ಹೀರುವ, ಮಾತೆ ಎಂಬ ಎಲೆಯ ಕಷಾಯದ ಸೋರೆಬುರುಡೆಯನ್ನು ಮುಂದೆ ಹಿಡಿದರೂ ಬೇಡವೆಂದಳು. ಮಾತೆ ಬೇಡವೆನ್ನುವ ತುಕುಮಾನಿನ ಹೆಂಗಸನ್ನು ಪಕ್ಕದ ಮಂಚದಲ್ಲೇ ಮಲಗಿಸಬೇಕು, ಆದರೆ ಡಾಕ್ಟರಿಗೆ ಪುರುಸೊತ್ತಿರಲಿಲ್ಲ.

ಒಂಬತ್ತನೆಯ ದಿನ ಹುಡುಗಿಗೆ ತೆಳ್ಳನೆಯ ಸೂಪ್ ಕೊಟ್ಟರು. ನಾಲ್ಕು ಚಮಚ ಒಳಗೆ ನಿಂತಿತು. ಆ ಇಂಜೆಕ್ಷನ್ ಇನ್ನು ಯಾವತ್ತೂ ಇಲ್ಲ, ಬೇರೆ ಮದ್ದುಗಳಿಂದ ಚಿಕಿತ್ಸೆ ಮುಂದುವರಿಸುತ್ತೇವೆ ಎಂದು ಡಾಕ್ಟರಮ್ಮ ಹೇಳಿ ಹೋದಳು. ಬ್ರಿಸಾ ಅಜ್ಜಿಯ ಮುಖ ನೋಡಿದಳು.

“ಅಜ್ಜಿ, ನೀನ್ಯಾಕೆ ಏನೂ ತಿಂತಿಲ್ಲ?”

“ಹಸಿವಿಲ್ಲ ಕಣೇ.”

“ರಿಬ್ಬನ್ ಕೊಡಿಲ್ಲಿ.”

ಹುಡುಗಿ ತನ್ನ ಪುಟ್ಟ ಕೈಯಿಂದ ಮೂರು ಮೊಳ ಹಾಕಿ, ಮೂರನೆಯದನ್ನು ಬೇಕೆಂದೇ ಅಜ್ಜಿಯ ಗಲ್ಲದ ತನಕ ಏರಿಸಿದಳು. “ಅಬ್ಬಬ್ಬಾ, ಎಂಪಾಚೊ! ಏನು ತಿಂದೆ, ಹೇಳು.”

“ನಾಲ್ಕು ಎಂಪನಾಡ,” ಎಂದಳು ಎಲಾದಿಯಾ. ಒಂಬತ್ತು ದಿನ ತಡೆದಿದ್ದ ಅಳು ಕಟ್ಟೆಯೊಡೆದು ಬಂತು.

“ಥೂ, ಅದು ನಾನ್ ತಿಂದಿದ್ದು!” ಬ್ರಿಸಾ ನಕ್ಕಳು. “ಮಂತ್ರ ಹೇಳ್ಕೊಡು, ವಾಸಿ ಮಾಡ್ತೀನಿ.”

ಆ ಮಂತ್ರವನ್ನು ಹೇಳಿಕೊಡುವುದು ಕ್ರಿಸ್‌ಮಸ್ಸಿನ ಮುನ್ನಾದಿನ ಮಾತ್ರ. ಬೇರೆ ದಿನ ಬಾಯಿಬಿಟ್ಟರೆ ಮಂತ್ರದ ಶಕ್ತಿ ಹೋಗುತ್ತದೆ. ಎಲಾದಿಯಾ ಮೂಗು ಒರೆಸಿಕೊಂಡು ಈ ಕಟ್ಟಳೆಯನ್ನು ಮೊಮ್ಮಗಳಿಗೆ ಹೇಳಿದಳು.

ಹುಡುಗಿ ಬೆರಳು ಮಡಚಿದಳು. “ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್. ಅಷ್ಟೇನಾ? ಇರ್ತೀನಿ ಬಿಡು.”

ಎಲಾದಿಯಾ ಮೊಮ್ಮಗಳು ಬಿಟ್ಟಿದ್ದ ಸೂಪಿನ ಬಟ್ಟಲನ್ನು ಎಳೆದುಕೊಂಡು, ತಣ್ಣಗಾಗಿದ್ದನ್ನೇ ಪೂರ್ತಿ ಕುಡಿದಳು.